ನಕಾಶೆಯಲ್ಲಿಲ್ಲದ ಕುದ್ರು

ಕಡವಿನಬೈಲಿನವರು ದುಬೈಗೆ ಬರುವಾಗ ತಮ್ಮ ಹೊಳೆಯನ್ನು ಊರಲ್ಲೇ ಬಿಟ್ಟು ಬಂದಿರಲಿಲ್ಲ. ಪ್ರತಿ ಜನವರಿ ದುಬೈಯಿಂದ ಒಂದೂವರೆ ಗಂಟೆ ದೂರದ ಅಲ್ ಐನಿನ ಪಾರ್ಕೊಂದರಲ್ಲಿ ಅವರ ಸಂಘದ ಕೂಟ. ಊಟಕ್ಕೆ ಮೊದಲು ಹಗ್ಗಜಗ್ಗಾಟ: ಆಚೆ ದಡದವರು ಒಂದು ಕಡೆ, ಈಚೆ ದಡದವರು ಇನ್ನೊಂದು ಕಡೆ. ಹೊಳೆಯ ನಡುವಿನ ನಡುಗಡ್ಡೆ, ಅಂದರೆ ಕುದ್ರುವಿನವರಿಗೆ ದಡವಿಲ್ಲ. ಅವರು ಅಂಪೈರು, ಇಲ್ಲವೇ ಬಡಿಸುವವರು. ಕುದ್ರುವಿನ ಲತೇಶ್ ಏಳು ವರ್ಷದಿಂದ ಸೀಟಿ ಊದುತ್ತಿದ್ದ. ಊದುವ ಮೊದಲು ಹೀರೋ ಗತ್ತಿನಲ್ಲಿ ನಾಲ್ಕು ಡೈಲಾಗ್ ಹೊಡೆಯುವುದು, ಯಾರದಾದರೂ ಚಪ್ಪಲಿ ಅಡಗಿಸುವುದು ಅವನದೇ ಡ್ಯೂಟಿ.

ಈ ಸಲ ಸಂಘ ಊರಿನ ಚರಿತ್ರೆಯ ಪುಸ್ತಕ ತಂದಿತ್ತು. ಬೆಳಿಗ್ಗೆ ಬಿಡುಗಡೆಯಾದ ಮುನ್ನೂರು ಪ್ರತಿಗಳಲ್ಲಿ ಅರ್ಧ ಮರುದಿನ ಊರಿನ ಶಾಲೆಗೆ ಹೊರಡಬೇಕು. ಲತೇಶ್ ನಕಾಶೆಯ ಪುಟ ತೆರೆದ. ಎರಡು ದಡ, ಶಾಲೆ, ಮೀನು ಮಾರ್ಕೆಟ್, ಅಧ್ಯಕ್ಷರ ಮನೆ ಕೂಡ ಇತ್ತು. ನಡುವೆ ಬರೀ ನೀಲಿ. ಅಪ್ಪ ದೋಣಿ ಕಟ್ಟುತ್ತಿದ್ದ ಜಾಗವೂ ಇಲ್ಲ, ತಾನು ಹುಟ್ಟಿದ ಮನೆಯೂ ಇಲ್ಲ. ದೋಣಿಯಲ್ಲಿ ಹೊಳೆ ದಾಟಿ ಆ ಶಾಲೆಗೆ ಹೋಗುವ ಕುದ್ರುವಿನ ಮಕ್ಕಳು ನಾಳೆ ಈ ನೀಲಿಯಲ್ಲಿ ತಮ್ಮ ಮನೆ ಹುಡುಕಬೇಕು.

ಪುಟವನ್ನು ಅಧ್ಯಕ್ಷ ಶೀನಪ್ಪನವರ ಮುಖದ ಮುಂದೆ ಹಿಡಿದ.

“ಶೀನಪ್ಪಣ್ಣ, ಕುದ್ರು ಎಲ್ಲಿ?”

“ಅದು ಸಣ್ಣದಲ್ವಾ ಮಾರಾಯ. ಅದನ್ನೂ ಹಾಕಿದ್ರೆ ಹೊಳೆ ಹೆಸರು ಬರೀಲಿಕ್ಕೆ ಜಾಗ ಸಾಕಾಗುದಿಲ್ಲ.”

“ನಲ್ವತ್ತೆರಡು ಮನೆ ಉಂಟು. ನೆರೆ ಬಂದಾಗ ನಿಮ್ಮನ್ನು ಮನೆ ಮಾಡಿನ ಮೇಲಿಂದ ಇಳಿಸಿದ ದೋಣಿ ಎಲ್ಲಿಂದ ಬಂದದ್ದು? ಆಕಾಶದಿಂದಲಾ?”

ಶೀನಪ್ಪ ಹೊಟ್ಟೆ ಕುಲುಕಿಸಿ ನಕ್ಕರು. “ಲಾಯ್ಕುಂಟು. ಇದು ಯಾವ ಪಿಕ್ಚರಿನ ಡೈಲಾಗ್?”

ಸುತ್ತಲಿದ್ದವರೂ ನಕ್ಕರು. ಯಾರೋ ಶಿಳ್ಳೆ ಹಾಕಿದರು. ಲತೇಶನ ಕಿವಿ ಕಾದ ಕಾವಲಿಯಾಯಿತು. ಏಳು ವರ್ಷ ನಗಿಸಿದ್ದಕ್ಕೆ ಈಗ ಅವನ ಸಿಟ್ಟಿಗೂ ಚಪ್ಪಾಳೆ.

“ಯಲ್ಲಾ, ಬೇಗ ಸೀಟಿ ಊದು,” ಎಂದರು ಶೀನಪ್ಪ.

ಎರಡು ದಡದವರೂ ಹಗ್ಗ ಹಿಡಿದು ನಿಂತಿದ್ದರು. ಲತೇಶ್ ಸೀಟಿಯನ್ನು ಜೇಬಿಗೆ ಹಾಕಿ, ಹೋಗಿ ಹಗ್ಗದ ನಟ್ಟನಡುವೆ ಕುಳಿತುಬಿಟ್ಟ.

ಶೀನಪ್ಪ ಹತ್ತಿರ ಬಂದರು. “ಏಳು ಮಾರಾಯ, ಕಾಮಿಡಿ ಖಲಾಸ್.”

“ಹೌದು, ಖಲಾಸ್. ಪುಸ್ತಕದಲ್ಲಿ ಇಲ್ಲದವ ಸೀಟಿ ಊದುದು ಹೇಗೆ?”

ಕುದ್ರುವಿನವಳೇ ಆದ ನರ್ಸ್ ವಸಂತಿ ಕೋಳಿಸಾರಿನ ಸೌಟು ಕೆಳಗಿಟ್ಟು ಬಂದು ಅವನ ಪಕ್ಕ ಕುಳಿತಳು. ಬಡಿಸಲು ನಿಂತಿದ್ದ ಇನ್ನೂ ಐವರು ಬಂದರು. ಊಟಕ್ಕೆ ಬಡಿಸುವವರಿಲ್ಲವಾಯಿತು. ಹಸಿದ ಮಕ್ಕಳು ರಾಗ ತೆಗೆದ ಮೇಲೆ ಯಾರೂ ನಗಲಿಲ್ಲ.

ಶೀನಪ್ಪ ಪೆನ್ನು ತೆಗೆದು ಒಂದು ನಕಾಶೆಯ ನೀಲಿಯಲ್ಲಿ ಪುಟ್ಟ ಸೊನ್ನೆ ಸುತ್ತಿದರು. “ಆಯ್ತಾ?”

“ಮುನ್ನೂರರಲ್ಲೂ,” ಎಂದ ಲತೇಶ್. “ನಿಮ್ಮ ಕೈಯಿಂದಲೇ.”

ಶೀನಪ್ಪ ಕಮಿಟಿಯವರ ಮುಖ ನೋಡಿದರು. ಕಮಿಟಿಯವರು ಸಾರಿನ ಪಾತ್ರೆ ನೋಡುತ್ತಿದ್ದರು. ಕೊನೆಗೆ ಶೀನಪ್ಪ ಕುರ್ಚಿ ಎಳೆದುಕೊಂಡರು. ಹತ್ತು ಪುಸ್ತಕ ಮುಗಿಯುವಾಗ ವಸಂತಿ ಎದ್ದು ಹೋಗಿ ಬಗ್ಗಿ ನೋಡಿದಳು.

“ಇದೆಂತ, ಮೂಸಂಬಿ ಬೀಜವಾ? ದೊಡ್ಡದು ಮಾಡಿ ಶೀನಪ್ಪಣ್ಣ. ಒಳಗೆ ಮನುಷ್ಯರು ಇರ್ಲಿಕ್ಕುಂಟು.”

ಮುಗಿದ ಹತ್ತನ್ನೂ ಅವಳು ಮತ್ತೆ ಅವರ ಮುಂದಿಟ್ಟಳು. ಲತೇಶ್ ಹಗ್ಗದಿಂದ ಏಳಲಿಲ್ಲ.