ಮೊನೆ ಸತ್ತ ಮರಳು

ರಾಳದ ವಾಸನೆ ಬಂದರೆ ಜೆಸಿಂತಾಳಿಗೆ ಇವತ್ತಿಗೂ ಮೊದಲು ಅಪ್ಪನ ನೆನಪು. ಕಡಲ ದಂಡೆಯಲ್ಲಿ ಕವುಚಿ ಹಾಕಿದ ಫೈಬರ್ ದೋಣಿಗಳಿಗೆ ತೇಪೆ ಹಾಕಿ ಅವರು ಮನೆಗೆ ಬಂದರೆ, ಮೂಗು ಕೊರೆಯುವ ಆ ವಾಸನೆ ಅಡುಗೆಮನೆಯವರೆಗೂ ಹಿಂಬಾಲಿಸುತ್ತಿತ್ತು. ಮರಳಿನ ಮೇಲೆ ಎಳೆದೆಳೆದು ದೋಣಿಯ ತಳ ಸವೆಯುವುದನ್ನು ನೋಡುತ್ತಲೇ ಬೆಳೆದವಳು ಅವಳು. ಈಗ ನಾಗರಕೋಯಿಲಿನ ಕಾಲೇಜೊಂದರಲ್ಲಿ ಆ ಸವೆತವೇ ಅವಳ ಸಂಶೋಧನೆ. ಕಾರ್ಬನ್ ನೂಲನ್ನು ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಹಲಗೆ. ಅದರ ಮೇಲೆ ಗಾಳಿಯ ರಭಸದಲ್ಲಿ ಮರಳು ಚಿಮ್ಮಿಸಿ, ತೂಕ ಎಷ್ಟು ಇಳಿಯಿತೆಂದು ನೋಡುವುದು.

ಆರಲ್ವಾಯ್ಮೊಳಿಯ ಗಾಳಿಯಂತ್ರಗಳ ರೆಕ್ಕೆಯ ಅಂಚಿಗೆ ಈ ಹಲಗೆಯನ್ನೇ ಹೊದಿಸುವುದೆಂದು ಒಂದು ಕಂಪನಿ ತೀರ್ಮಾನಿಸಿತ್ತು. ಅಂಕಿಗಳೂ ಬಂಗಾರದಂತೆ ಬಂದಿದ್ದವು. ವರದಿ ಒಯ್ಯಲು ಕಂಪನಿಯ ಎಂಜಿನಿಯರ್ ಪೊನ್‌ರಾಜ್ ಮಧ್ಯಾಹ್ನ ಬರುವವನಿದ್ದ. ಉಳಿದಿದ್ದು ಅವಳ ಸಹಿ ಮಾತ್ರ.

ಅವನು ಬರುವ ಸ್ವಲ್ಪ ಮೊದಲು ಲ್ಯಾಬಿನಲ್ಲಿ ಮರಳಿನ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. ಬೆರಳಿಗೆ ಚುಚ್ಚಬೇಕಾದ ಮರಳು ರವೆಯ ಹಾಗೆ ಜಾರಿತು. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಕಾಳಿಗೂ ಮೊನೆಯಿಲ್ಲ.

"ಸಾರ್, ಇದು ಒಂದ್ಸಲ ಹೊಡೆದಿರೋ ಮರಳಾ?"

ಅವಳ ಗೈಡ್ ಪ್ರೊಫೆಸರ್ ತಾಣುಲಿಂಗಂ ಕನ್ನಡಕ ಒರೆಸಿಕೊಂಡರು. "ಜರಡಿ ಹಿಡಿದು ಮತ್ತೆ ತುಂಬಿಸೋಕೆ ಲ್ಯಾಬ್ ಹುಡುಗನಿಗೆ ನಾನೇ ಹೇಳಿದ್ದೆ ತಾಯಿ. ಚೆನ್ನಾಗಿರೋದನ್ನ ಯಾಕೆ ಚೆಲ್ಲಬೇಕು?"

"ಚೆನ್ನಾಗೆಲ್ಲಿದೆ ಸಾರ್? ಹಲ್ಲು ಉದುರಿದ ಮರಳು. ಹಲಗೆನ ಕಚ್ಚಿಲ್ಲ, ಮುತ್ತಿಟ್ಟಿದೆ!"

"ಸ್ವಲ್ಪ ಹೆಚ್ಚುಕಮ್ಮಿ ಇರುತ್ತಪ್ಪ. ಸಹಿ ಹಾಕು. ನಿನ್ನ ಪದವಿನೂ ಇದರಲ್ಲೇ ಇದೆ."

ತಾಣುಲಿಂಗಂ ಕೆಟ್ಟವರಲ್ಲ. ಹಾಸ್ಟೆಲಿನಲ್ಲಿ ಅವಳು ಜ್ವರದಿಂದ ಮಲಗಿದಾಗ ದಿನವೂ ಮನೆಯಿಂದ ಗಂಜಿ ಕಳಿಸಿದ್ದರು. ಅದು ನೆನಪಾಗಿ ಅವಳಿಗೆ ಸಿಟ್ಟು ಇನ್ನೂ ಏರಿತು.

"ನನ್ ತಮ್ಮ ಕ್ಲೀಟಸ್ ಏನು ಕೆಲಸ ಮಾಡ್ತಾನೆ ಗೊತ್ತಲ್ವಾ ಸಾರ್? ಆ ರೆಕ್ಕೆಗಳಿಗೆ ಹಗ್ಗದಲ್ಲಿ ನೇತಾಡ್ಕೊಂಡು ತೇಪೆ ಹಾಕ್ತಾನೆ. ಅಂಚು ಬೇಗ ಹೋದ್ರೆ ಆ ಗಾಳೀಲಿ ಮತ್ತೆ ಮತ್ತೆ ಹತ್ತೋನು ಅವನು. ನೀವಲ್ಲ, ನಾನಲ್ಲ!"

"ಹಗ್ಗ ಗಟ್ಟಿ ಇರುತ್ತಮ್ಮಾ."

ಆ ಮಾತಿಗೆ ಅವಳ ಕಿವಿಯವರೆಗೂ ಬೆಂಕಿ ಹತ್ತಿತು. ಪೊನ್‌ರಾಜ್ ಹೆಲ್ಮೆಟ್ ಹಿಡಿದು ಒಳಗೆ ಬಂದಿದ್ದೂ ಆಗಲೇ. ತಪಾಸಣೆಯವರು ಬಂದಾಗ ತೋರಿಸಲೆಂದು ಕಪಾಟಿನಲ್ಲಿ ಎತ್ತಿಟ್ಟಿದ್ದ ಹೊಸ ಮರಳಿನ ಚೀಲವನ್ನು ಜೆಸಿಂತಾ ದರದರನೆ ಎಳೆದು ತಂದಳು.

"ಜೆಸಿಂತಾ! ಅದನ್ನ ಮುಟ್ಟಬೇಡ!" ತಾಣುಲಿಂಗಂ ಕೂಗಿದರು.

ಅವಳು ಚೀಲ ಸೀಳಿ, ಡಬ್ಬಿ ಬರಿದು ಮಾಡಿ, ಹೊಸ ಮರಳು ತುಂಬಿದಳು. ಹಲಗೆ ಸಿಕ್ಕಿಸಿ ಯಂತ್ರ ಹಾಕಿದಳು. ಸದ್ದು ನಿಂತಾಗ ಹಲಗೆಯ ಮೈ ಹಳೆಯ ಚಾಪೆಯಂತೆ ಕಿತ್ತುಹೋಗಿ, ಕಪ್ಪು ನೂಲು ಹೊರಗೆ ಇಣುಕುತ್ತಿತ್ತು. ಇಳಿದ ತೂಕ ವರದಿಯಲ್ಲಿದ್ದುದರ ನಾಲ್ಕು ಪಟ್ಟು.

ಪೊನ್‌ರಾಜನ ಮುಖ ಬಿಳುಚಿತು. ಆ ಹಲಗೆಗೆ ರಾಳ, ನೂಲು ಎಷ್ಟೆಷ್ಟೆಂದು ಗೊತ್ತುಮಾಡಿದವನು ಅವನೇ. "ಇಷ್ಟು ದಿನ ಇಲ್ಲಿ ಏನ್ ಕಡಲೆ ಹುರೀತಿದ್ರಾ? ನಿಮ್ಮ ಅಂಕಿ ನಂಬಿ ಮೇಲಿನವರಿಗೆ ಮಾತು ಕೊಟ್ಟುಬಿಟ್ಟಿದ್ದೀನಿ! ಈಗ ನನ್ನ ಮುಖದ ಮೇಲೇ ಮರಳು ಎರಚ್ತಾರೆ."

"ಎರಚಲಿ ಅಣ್ಣಾ. ಹೊಸ ಮರಳು ಎರಚೋಕೆ ಹೇಳಿ, ಅಷ್ಟೇ."

ಅವನು ಹೆಲ್ಮೆಟ್ ಮೇಜಿನ ಮೇಲೆ ಕುಕ್ಕಿ, ಬಾಗಿಲು ಧಡಾರನೆ ಹಾಕಿಕೊಂಡು ಹೋದ. ತಾಣುಲಿಂಗಂ ಎದ್ದರು. "ನಾಳೆಯಿಂದ ಬೇರೆ ಗೈಡ್ ಹುಡುಕ್ಕೋ," ಎಂದಷ್ಟೇ ಹೇಳಿ ಅವರೂ ಹೊರಟುಹೋದರು.

ಜೆಸಿಂತಾ ಹಳೆಯ ವರದಿಯನ್ನು ಹರಿದಳು. ಹೊಸ ಅಂಕಿಗಳನ್ನು ಬರೆದು, ಕೆಳಗೆ ಎಷ್ಟು ಒತ್ತಿ ಸಹಿ ಹಾಕಿದಳೆಂದರೆ ಕಾಗದ ತೂತಾಯಿತು. ಮೆಸ್ಸಿನಲ್ಲಿ ಊಟ ಮುಗಿದ ಹೊತ್ತು. ಬಾಟಲಿಯಲ್ಲಿದ್ದ ನೀರನ್ನೇ ಒಂದೇ ಉಸಿರಿಗೆ ಕುಡಿದು ಮುಗಿಸಿದಳು.

ಬಾಗಿಲು ತೆರೆಯಿತು. ಹೆಲ್ಮೆಟ್ ಮರೆತಿದ್ದ ಪೊನ್‌ರಾಜ್. ಮುಖದ ಬಿಗಿ ಹಾಗೇ ಇತ್ತು. ಮೇಜಿನ ಮೇಲಿದ್ದ ಕಾಗದ ಎತ್ತಿಕೊಂಡು, ನಿಂತಲ್ಲೇ ಪೂರ್ತಿ ಓದಿ, ಮಡಿಸಿ ಜೇಬಿಗಿಟ್ಟ. ಅವಳ ಮುಂದಿದ್ದ ಖಾಲಿ ಬಾಟಲಿ ನೋಡಿದ. ಹೆಗಲಿನ ಚೀಲದಿಂದ ತನ್ನ ಬುತ್ತಿ ತೆಗೆದು, ಮುಚ್ಚಳ ಬಿಚ್ಚಿ, ಬೇಯಿಸಿದ ಮರಗೆಣಸನ್ನೂ ಮೀನಿನ ಸಾರನ್ನೂ ಅವಳ ಮುಂದಕ್ಕೆ ಸರಿಸಿದ.