ತಗ್ಗುದನಿಯ ಸೋಮವಾರಗಳು

ವರ್ಡೆಲ್ ಪ್ರೂಯಿಟ್ ಬಾಯಿ ಬಿಟ್ಟರೆ ನದಿಯಾಚೆ ಇಲಿನಾಯ್ ದಡದ ನಾಯಿಗಳೂ ಕಿವಿ ನಿಮಿರಿಸುತ್ತವೆ ಎಂದು ಸೇಂಟ್ ಲೂಯಿಸಿನ ಉತ್ತರದ ಕೇರಿಗಳಲ್ಲಿ ಹೇಳುತ್ತಿದ್ದರು. ಆಕೆ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಹರೆಯದಲ್ಲಿ ಹಾಡಿದ 'ಎರಡೂ ಕಾಲು ನೆಲ ಬಿಟ್ಟು' ಎಂಬ ಕುಣಿತದ ಹಾಡು ಊರಿನಲ್ಲಿ ಕಾಸು ಹಾಕಿದರೆ ಹಾಡುವ ಎಲ್ಲ ಜ್ಯೂಕ್ ಬಾಕ್ಸುಗಳಲ್ಲೂ ಇತ್ತು. ಆ ಹಾಡಿನ ಕೊನೆಯಲ್ಲಿ ಒಂದು ಕಿರುಚು ಬರುತ್ತಿತ್ತು. ಅದನ್ನು ಕೇಳದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಅರವತ್ತು ದಾಟಿದರೂ ಆ ಕಿರುಚು ಅವಳಿಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹಾಗಾಗಿ ಆ ಬೇಸಿಗೆಯ ಶನಿವಾರ ಪಾರ್ಕಿನಲ್ಲಿ ನಡೆದದ್ದು ಅವಳೊಬ್ಬಳಿಗೇ ಗೊತ್ತಾಯಿತು. ಹಿಂದೆ ಬ್ಯಾಂಡಿನ ಯಜಮಾನ ಲೂಷಸ್ ಬೀಮನ್ನನ ಗಿಟಾರು, ಅದರ ಹಿಂದೆ ತುತ್ತೂರಿಗಳ ಸಾಲು, ಮುಂದೆ ಬೆವರು ಸುರಿಸಿಕೊಂಡು ಕುಣಿಯುವ ಜನ. ವರ್ಡೆಲ್ ಹಾಡಿದಳು, ಕಿರುಚಿದಳು, ಜನ ಚಪ್ಪಾಳೆ ಹೊಡೆದರು. ಆದರೆ ಹಾಡಿನ ಮೊದಲಿನಿಂದ ಕೊನೆಯವರೆಗೂ ತಾನು ಮನೆಯಲ್ಲಿ ಸಾಸಿನಲ್ಲಿ ನೆನೆಹಾಕಿ ಬಂದ ಹಂದಿಮಾಂಸದ ಬಗ್ಗೆಯೇ ಯೋಚಿಸುತ್ತಿದ್ದೆ ಎಂಬುದು ಅವಳಿಗೆ ವೇದಿಕೆ ಇಳಿಯುವಾಗ ಹೊಳೆಯಿತು. ದನಿ ಒಡೆದಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

ಅಂದು ರಾತ್ರಿ ಇನ್ನೊಂದು ಕಾರ್ಯಕ್ರಮ ಮುಗಿಸಿ ಬರುವಾಗ ಹಸಿವಾಗಿ ನ್ಯಾಚುರಲ್ ಬ್ರಿಜ್ ರಸ್ತೆಯ ಹೋಟೆಲಿಗೆ ಹೊಕ್ಕಳು. ಅಲ್ಲಿನ ಗರಿಗರಿ ಹಂದಿಮೂತಿಯ ಸ್ಯಾಂಡ್‌ವಿಚ್ ಊರಿಗೇ ಹೆಸರುವಾಸಿ. ಮೂಲೆಯಲ್ಲಿ ಎಲ್ಸ್‌ವರ್ತ್ ಮೇಷ್ಟ್ರು ಪಿಯಾನೊ ನುಡಿಸುತ್ತಿದ್ದರು. ಶಾಲೆಯಿಂದ ನಿವೃತ್ತರಾಗುವ ಮೊದಲು ಆ ಕೇರಿಯ ಅರ್ಧ ಮಕ್ಕಳಿಗೆ ಸಂಗೀತ ಕಲಿಸಿದವರು ಅವರು. ಕೇಳುವವರು ಬೆರಳೆಣಿಕೆಯಷ್ಟೇ. ನಿಧಾನದ ಬ್ಲೂಸ್, ಒಂದು ಸ್ವರ ಪೂರ್ತಿ ಆರಿದ ಮೇಲಷ್ಟೇ ಇನ್ನೊಂದು. ವರ್ಡೆಲ್ ಪಿಯಾನೊಗೆ ಮೊಣಕೈ ಊರಿ ನಿಂತಳು. ಗಂಟಲು ದಣಿದಿತ್ತು, ಇದ್ದಷ್ಟರಲ್ಲೇ ಜೊತೆಗೂಡಿದಳು. ಅವಳಿಂದ ಹೊರಟ ದನಿ ಅವಳಿಗೇ ಗುರುತು ಸಿಗಲಿಲ್ಲ. ಒರಟಾಗಿ, ಬೆಚ್ಚಗೆ, ಕೆಳಗೆಲ್ಲೋ ಇತ್ತು ಅದು.

"ನೆಗಡೀನಾ, ವರ್ಡೆಲ್?" ಎಂದರು ಮೇಷ್ಟ್ರು.

"ಇಲ್ಲ. ನೀವು ನಿಲ್ಲಿಸ್ಬೇಡಿ ಮೇಷ್ಟ್ರೇ."

ಸ್ಯಾಂಡ್‌ವಿಚ್ ತಣ್ಣಗಾಯಿತು. ಅವಳು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ತಿನ್ನಲೂ ಮರೆತು, ಅಡುಗೆಮನೆಯಲ್ಲಿ ದೀಪ ಹಾಕದೆ ಕೂತು ಮತ್ತೆ ಆ ದನಿ ಬರುತ್ತದೆಯೇ ಎಂದು ನೋಡಿದಳು. ಬಂತು.

ಮರುದಿನ ಚರ್ಚು ಬಿಟ್ಟ ಮೇಲೆ ಲೂಷಸನ ಮನೆಯ ಜಗಲಿಗೆ ಹೋಗಿ ವಿಷಯ ಹೇಳಿಯೇಬಿಟ್ಟಳು.

"ಬ್ಯಾಂಡ್ ಬಿಡ್ತೀನಿ ಕಣೋ. ಮೇಷ್ಟ್ರ ಜೊತೆ ಬ್ಲೂಸ್ ಹಾಡ್ತೀನಿ, ಜಾಜ್ ಹಾಡ್ತೀನಿ. ರಾತ್ರಿ ಹೊತ್ತು, ಮೆಲ್ಲಗೆ."

ಲೂಷಸ್ ಕುರ್ಚಿ ತೂಗುವುದನ್ನು ನಿಲ್ಲಿಸಿದ. "ತಲೆಗಿಲೆ ಕೆಟ್ಟಿದೆಯಾ ನಿಂಗೆ? ಜನ ಬರೋದೇ ಆ ಹಾಡಿಗೆ."

"ಹಾಡು ನೀನೇ ಇಟ್ಕೋ. ನನ್ನ ಬಿಟ್ಬಿಡು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಆಗಿಬಿಟ್ಟಿದೀನಿ."

"ನಡುರಾತ್ರೀಲಿ ನಾಲ್ಕು ಜನ ಕುಡುಕರ ಮುಂದೆ ಗುನುಗ್ತಾ ಕೂತ್ರೆ ನಿನ್ನ ಹೆಸರು ಏನಾಗ್ಬೇಕು?"

"ಹೆಸರಿಗೂ ಒಂಚೂರು ನಿದ್ದೆ ಬೇಡ್ವೇನೋ," ಎಂದು ಅವಳು ಮೆಟ್ಟಿಲಿಳಿದಳು.

ಲೂಷಸ್ ಹಟಕ್ಕೆ ಬಿದ್ದ. ತಿಂಗಳೊಳಗೆ ಚರ್ಚಿನ ಗಾಯನವೃಂದದ ಜನೀಸ್ ಎಂಬ ಹುಡುಗಿಯನ್ನು ಅವಳ ಜಾಗಕ್ಕೆ ಕರೆತಂದ. ಆಗ ಕೂದಲು ನೇರ ಮಾಡಿಸುವ ಅಂಗಡಿಯಲ್ಲಿ ವರ್ಡೆಲ್‌ಳ ಕಿವಿ ಕಚ್ಚದವರಿಲ್ಲ. "ನಿನ್ನ ಹಾಡನ್ನೇ ಹೊಡ್ಕೊಂಡ್ಳಲ್ಲೇ ಆ ಚೋಟುದ್ದದೋಳು. ಸುಮ್ನಿರ್ತೀಯಾ?" ವರ್ಡೆಲ್ ಸುಮ್ಮನಿರಲಿಲ್ಲ. ಗುರುವಾರದ ತಾಲೀಮಿಗೆ ಹೋಗಿ ಬಾಗಿಲಲ್ಲಿ ನಿಂತಳು. ತುತ್ತೂರಿಗಳು ಒಂದೊಂದಾಗಿ ಬಾಯಿಂದ ಇಳಿದವು. ಇಂದು ಜಗಳ ನಿಶ್ಚಯ ಎಂದು ಎಲ್ಲರೂ ಗೋಡೆಗೆ ಸರಿದರು.

"ಹಾಡಮ್ಮ, ಕೇಳೋಣ," ಎಂದಳು ವರ್ಡೆಲ್, ಕುರ್ಚಿ ಎಳೆದುಕೊಂಡು.

ಹುಡುಗಿ ಹಾಡಿದಳು. ಸೊಂಟದ ಮೇಲೆ ಕೈ ಇಡುವುದರಿಂದ ಹಿಡಿದು ಕೊನೆಯ ಕಿರುಚಿನವರೆಗೆ ಎಲ್ಲವೂ ವರ್ಡೆಲ್‌ಳದೇ ಪಡಿಯಚ್ಚು.

"ಚೆನ್ನಾಗಿದೆ. ಆದ್ರೆ ನನ್ನ ಹಾಗೆ ಕಿರುಚಬೇಡ ಮಗಳೇ. ರೆಕಾರ್ಡ್ ಮಾಡೋವಾಗ ಡ್ರಮ್ಮಿನೋನು ನನ್ನ ಕಾಲು ತುಳಿದಿದ್ದ, ಅದಕ್ಕೆ ಹಾಗೆ ಕಿರುಚಿದೆ. ನಿನ್ನ ಕಾಲು ಯಾರು ತುಳಿದ್ರು?"

ಮೊದಲು ನಕ್ಕವನು ಡ್ರಮ್ಮಿನವನೇ. ವರ್ಡೆಲ್ ಎದ್ದು ಹುಡುಗಿಯ ಪಕ್ಕೆಗೆ ಅಂಗೈ ಇಟ್ಟು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತುತ್ತೂರಿಗಳಿಗೆ ಬಿಟ್ಟು ಸುಮ್ಮನಿರಬೇಕು ಎಂದು ತೋರಿಸಿದಳು. ಹುಡುಗಿ ಬೇಗ ಹಿಡಿದಳು, ವರ್ಡೆಲ್‌ಗಿಂತ ಚುರುಕಾಗಿಯೇ. ಅಷ್ಟು ಹೊತ್ತೂ ಲೂಷಸ್ ಗಿಟಾರಿನ ತಂತಿ ಬಿಗಿ ಮಾಡುತ್ತಲೇ ಇದ್ದ, ತಲೆ ಎತ್ತಲಿಲ್ಲ. ಮನೆಗೆ ನಡೆಯುವಾಗ ವರ್ಡೆಲ್‌ಗೆ ಭಾರವಾದ ಕೋಟು ಕಳಚಿದಂತಾಯಿತು. ತುಸು ಚಳಿಯೂ ಆಯಿತು ಎನ್ನುವುದು ಸುಳ್ಳಲ್ಲ.

ಹೊಸ ಕಸುಬು ಸುಲಭವಿರಲಿಲ್ಲ. ಬೆಳಿಗ್ಗೆ ಮೇಷ್ಟ್ರ ಮನೆಯಲ್ಲಿ ಅಭ್ಯಾಸ. ಬ್ಲೂಸ್ ಅವಳಿಗೆ ತೌರುಮನೆ, ದಾರಿ ತೋರಿಸುವುದು ಬೇಕಿರಲಿಲ್ಲ. ಜಾಜ್ ಮಾತ್ರ ಅತ್ತೆಮನೆಯ ಹಾಗೆ ಒಂದೊಂದು ಮೂಲೆಯಲ್ಲೂ ಎಡವಿಸುತ್ತಿತ್ತು.

"ಬಸ್ಸು ಹೊರಟುಹೋಗುತ್ತೆ ಅನ್ನೋ ಹಾಗೆ ಹಾಡ್ತೀಯಲ್ಲಮ್ಮ," ಎನ್ನುತ್ತಿದ್ದರು ಮೇಷ್ಟ್ರು. "ಪದ ಎಲ್ಲೂ ಓಡಿಹೋಗಲ್ಲ. ಕಾಯಿ."

"ಕಾದು ಅಭ್ಯಾಸ ಇಲ್ಲ ಮೇಷ್ಟ್ರೇ."

"ನಂಗೂ ಅರವತ್ತರವರೆಗೆ ಇರ್ಲಿಲ್ಲ. ಮತ್ತೆ ಹಾಡು."

ಆ ಹೋಟೆಲಿನ ಸೋಮವಾರ ರಾತ್ರಿಗಳು ಅವರವಾದವು. ಹಾಡುವಷ್ಟು ಹೊತ್ತು ಗಡಗಡ ಸದ್ದಿನ ಐಸ್ ಮಾಡುವ ಯಂತ್ರ ಬಂದ್ ಮಾಡಬೇಕು ಎಂಬುದು ಅವಳ ಒಂದೇ ಬೇಡಿಕೆ. ಮಾಲೀಕ ಗೊಣಗಿಕೊಂಡೇ ಒಪ್ಪಿದ. ಮೊದಲ ಸೋಮವಾರ ಬಂದವರಲ್ಲಿ ಹಲವರು ಹಳೆಯ ವರ್ಡೆಲ್‌ಳನ್ನು ನೋಡಲು ಬಂದವರು. ಎರಡನೆಯ ಹಾಡಿಗೇ ಹಿಂದಿನ ಮೇಜಿನಿಂದ ಒಬ್ಬ ಮುದುಕ ಕೂಗಿದ: "ವರ್ಡೆಲ್, ಆ 'ಎರಡೂ ಕಾಲು' ಹಾಡು ಹೇಳೇ."

ಅವಳು ಮೈಕಿನಿಂದ ತುಸು ಹಿಂದೆ ಸರಿದಳು. "ಅಣ್ಣಾ, ನಿನ್ನ ಎರಡೂ ಕಾಲು ನೆಲ ಬಿಟ್ಟು ಎಷ್ಟು ಕಾಲ ಆಯ್ತು?"

ನಗು ಎದ್ದಿತು. ಮುದುಕನೂ ನಕ್ಕ.

"ಅದು ಬೇಕಿದ್ರೆ ಶನಿವಾರ ಜನೀಸ್ ಹತ್ರ ಹೋಗು. ಚೆನ್ನಾಗಿ ಹಾಡ್ತಾಳೆ, ನಾನೇ ಹೇಳಿಕೊಟ್ಟಿದೀನಿ. ಇಲ್ಲಿ ಇರೋದಾದ್ರೆ ಕಾಲು ಚಾಚ್ಕೊಂಡು ಕೂತ್ಕೋ."

ಕೆಲವರು ಎದ್ದು ಹೋದರು. ಮುದುಕ ಕಾಲು ಚಾಚಿ ಕೂತ. ನೆಂಟರೆಲ್ಲ ಹೋದ ಮೇಲೆ ಒಬ್ಬಳೇ ಪಾತ್ರೆ ತೊಳೆಯುವ ಹೆಂಗಸಿನ ಕುರಿತ ಹಾಡೊಂದನ್ನು ವರ್ಡೆಲ್ ಹಾಡಿದಳು. ಹಾಡು ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲಾಗಿದ್ದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಈಗ ಆ ಮೌನವನ್ನು ಕಿವಿಯಿಟ್ಟು ಕೇಳಿದಳು. ಜನ ಇನ್ನೂ ಹಾಡಿನೊಳಗಿನ ಆ ಹೆಂಗಸಿನ ಅಡುಗೆಮನೆಯಲ್ಲೇ ಇದ್ದರು.

ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ರಾತ್ರಿಪಾಳಿ ಮುಗಿಸಿದ ನರ್ಸುಗಳು, ನಿದ್ದೆ ಬಾರದ ವಿಧುರರು, ಬೇರೆ ಬಾರುಗಳ ಬಾಗಿಲು ಮುಚ್ಚಿ ಬಂದ ಪರಿಚಾರಕರು, ಹೀಗೆ ಅವಳಿಗೆ ಹೊಸದೊಂದು ಬಳಗವೇ ಬೆಳೆಯಿತು.

ಚಳಿಗಾಲದಲ್ಲಿ, ಹಿಮ ಬಿದ್ದ ಒಂದು ಸೋಮವಾರ, ಲೂಷಸ್ ಬಂದು ಬಾಗಿಲ ಬಳಿ ಕೂತ. ಕಾಲಬುಡದಲ್ಲಿ ಗಿಟಾರಿನ ಪೆಟ್ಟಿಗೆ. ವಿರಾಮದಲ್ಲಿ ಮೆಲ್ಲಗೆ ಅವಳ ಬಳಿ ಬಂದ.

"ಒಂದು ಹಾಡಿಗೆ ನುಡಿಸ್ಲಾ?"

"ಗಿಟಾರು ಹೊತ್ಕೊಂಡು ಬಂದೋನು ಕೇಳೋದೇನು ಬಂತು. ಕೂತ್ಕೋ."

ಲೂಷಸ್ ತನ್ನ ಹಳೆಯ ಚಾಳಿಯಂತೆ ಸಂದುಗೊಂದಿಯನ್ನೆಲ್ಲ ಸ್ವರಗಳಿಂದ ತುಂಬಿದ. ವರ್ಡೆಲ್ ಹಾಡು ನಿಲ್ಲಿಸಿ ತಿರುಗಿದಳು. "ಲೂಷಸ್, ಇದು ಶನಿವಾರ ಅಲ್ಲ." ಅವನು ಸಿಟ್ಟಾಗಲಿಲ್ಲ, ಬದಲಿಗೆ ಯೋಚನೆಗೆ ಬಿದ್ದ. ಮರಳಿ ಶುರುವಾದಾಗ ಒಂದೇ ಒಂದು ಸ್ವರ ಮೀಟಿ ಬಿಟ್ಟ. ಅದು ಆರುವವರೆಗೂ ಇಬ್ಬರೂ ಕಾದರು.

ಹಾಡು ಮುಗಿದ ಮೇಲೆ ಅವನು ಹೇಳಿದ: "ಇಷ್ಟು ವರ್ಷ ನಿನ್ನ ಹಿಂದೇನೇ ನಿಂತಿದ್ದೆ. ಈ ದನಿ ಒಂದು ದಿನಾನೂ ಕೇಳ್ಲಿಲ್ಲವಲ್ಲೇ."

"ಅಷ್ಟು ಜೋರಾಗಿ ನುಡಿಸ್ತಿದ್ದೆ, ಇನ್ನೆಲ್ಲಿಂದ ಕೇಳುತ್ತೆ?"

ಮೇಷ್ಟ್ರು ಮುಂದಿನ ಹಾಡಿಗೆ ಯಾವ ಶ್ರುತಿ ಎಂದು ಕೇಳಿದರು. ಮಾಮೂಲಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂದಳು ವರ್ಡೆಲ್. ಅಷ್ಟು ಕೆಳಗೆ ಅವಳು ಅದುವರೆಗೆ ಹಾಡಿರಲಿಲ್ಲ. ಲೂಷಸ್ ಗಿಟಾರಿನ ಕುತ್ತಿಗೆಯ ಮೇಲೆ ಬೆರಳು ಸರಿಸಿಕೊಂಡ. ಅವಳು ಉಸಿರೆಳೆದುಕೊಂಡು, ತನಗೆ ಬೇಕಾದಷ್ಟು ಹೊತ್ತು ಕಾದು, ಹಾಡಲು ತೊಡಗಿದಳು.