ಓಬಮ್ಮನ ಕಿವಿಯೂ ಅಟ್ಟದ ಕೊಬ್ಬರಿಯೂ

ಅಟ್ಟದ ಮೇಲಿನ ತೆಂಗಿನಕಾಯಿ ಒಣಗಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ಒಡೆಯದೆ ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಅಂದರೆ ಕೊಬ್ಬರಿ, ನೀರು ಕುಲುಕಿದರೆ ಇನ್ನೂ ಹಸಿ. ಹೊಸದುರ್ಗದ ಕಡೆಯ ಒಂದು ಊರಲ್ಲಿ ಈ ವಿದ್ಯೆಗೆ ಓಬಮ್ಮನೇ ಸೈ. ಅವಳು "ಆಗೈತೆ" ಅಂದರೆ ಊರು ಕಣ್ಣು ಮುಚ್ಚಿ ಒಡೆಯುತ್ತಿತ್ತು.

ಅಂಥ ಓಬಮ್ಮ ಆವತ್ತು ಏಕನಾಥಮ್ಮನ ಮನೆಯಲ್ಲಿ ಕಾಯಿ ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ. ಹಾಗಂತ ಹೇಳಲು ನಾಚಿಕೆ. ಅಂದಾಜಿನ ಮೇಲೆ "ಒಣಗೈತೆ, ಒಡೀರಿ" ಅಂದಳು. ಒಡೆದರೆ ಏಕನಾಥಮ್ಮನ ಸೀರೆಯೆಲ್ಲ ನೀರು!

"ಮುಂದಿನ ಸಲ ಬೇರೇರನ್ನ ಕರೀತೀನಿ ಬಿಡು" ಅಂದಳು ಏಕನಾಥಮ್ಮ. ಓಬಮ್ಮ ಮನೆಗೆ ಬಂದವಳೇ ಅತ್ತುಬಿಟ್ಟಳು.

ಗಂಡ ಮೂಡಲಗಿರಿಯಪ್ಪ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದ. "ಎರಡು ಹನಿ ಕಿವಿಗೆ ಬಿಟ್ರೆ ಸರಿಹೋಗ್ತೈತೆ."

"ಮಾವ, ಎಣ್ಣೆ ಕೆಳಗಿಡ್ರಿ!" ಬಾಗಿಲಲ್ಲಿ ಊರಿನ ಆಶಾ ಕಾರ್ಯಕರ್ತೆ ಅನುಸೂಯ. "ಕಿವಿಗೆ ಎಣ್ಣೆ ಬಿಟ್ರೆ ಒಳಗೆ ಇನ್ನೂ ಕೆಡ್ತೈತೆ." ವಿಷಯ ತಿಳಿದು ಅವಳು ಓಬಮ್ಮನ ಎದುರಿಗೇ ಕುಂತಳು.

"ಅತ್ತೆ, ತೆಂಗಿನ ನಾರಿನ ಮಿಲ್ಲಲ್ಲಿ ಎಷ್ಟು ವರ್ಷ ದುಡಿದ್ರಿ! ಆ ಗದ್ದಲಕ್ಕೆ ಕಿವಿ ಒಳಗಿಂದ ಸವೀತೈತೆ. ಊಟಕ್ಕೆ ಏನು ತಿಂತೀರಿ?"

"ಮುದ್ದೆ, ಹುಳಿಸಾರು."

"ಹಿತ್ತಲ ನುಗ್ಗೆಸೊಪ್ಪು?"

"ಆಡಿಗೆ."

"ಸೀಬೆಹಣ್ಣು?"

"ಸಂತೆಗೆ."

"ಹಂಗಾರೆ ನಿಮ್ಮ ಆಡಿನ ಕಿವಿ ಭಾಳ ಚುರುಕಿರಬೇಕು!" ಅಂದಳು ಅನುಸೂಯ. ಓಬಮ್ಮನಿಗೆ ಅಳುವಿನ ನಡುವೆಯೂ ನಗು ಬಂತು.

ಮೂಡಲಗಿರಿಯಪ್ಪ ಮೂಗು ಮುರಿದ. "ಸೊಪ್ಪು ತಿಂದ್ರೆ ಕಿವಿ ಕೇಳಿಸೋ ಹಂಗಿದ್ರೆ ಡಾಕ್ಟ್ರು ಯಾಕವ್ವ?"

"ಹೋದ ಕಿವಿ ಸೊಪ್ಪಿಂದ ವಾಪಸ್ ಬರಲ್ಲ ಮಾವ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಸೊಪ್ಪು, ಸೀಬೆ, ನೆಲ್ಲಿಕಾಯಿ, ಕಡ್ಲೆಬೀಜದಲ್ಲಿ ಎ, ಸಿ, ಇ ವಿಟಮಿನ್ ಅವೆ. ಉಳಿದಿರೋ ಕಿವೀನ ಕಾಯೋಕೆ ಅವು ನೆರವಾಗಬಹುದು ಅಂತಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ನೀವು ಆಡಿಗೆ ಹಾಕಿದ್ರಿ. ಮೊದ್ಲು ಪರೀಕ್ಷೆ ಮಾಡಿಸಾಣ, ಚಿತ್ರದುರ್ಗಕ್ಕೆ ಹೋಗಾಣ ನಡೀರಿ."

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸಿ ಕೇಳುವ ಮಿಷನ್ ಕೊಟ್ಟರು. ಗದ್ದಲದ ಹತ್ತಿರ ಕಿವಿ ಮುಚ್ಚಿಕೊಳ್ಳಲು ಹೇಳಿದರು. ಮನೆಯಲ್ಲಿ ನುಗ್ಗೆಸೊಪ್ಪು ಸಾರಿಗೆ ಬಿತ್ತು, ಸೀಬೆ ಮನೆಯಲ್ಲೇ ಉಳಿಯಿತು. ಆಡು ಮಾತ್ರ ಮುನಿಸಿಕೊಂಡಿತು.

ಏಕನಾಥಮ್ಮನ ಅಟ್ಟದಿಂದ ಮತ್ತೆ ಕಾಯಿ ಇಳಿದಾಗ ಯಾರೂ ಕರೆಯದಿದ್ದರೂ ಓಬಮ್ಮ ಕಿವಿಗೆ ಮಿಷನ್ ಹಾಕಿಕೊಂಡು ಹೋದಳು. ಒಂದನ್ನು ಅಲ್ಲಾಡಿಸಿದಳು: "ಇದು ಹಸಿ, ಮ್ಯಾಲಿಡ್ರಿ." ಇನ್ನೊಂದನ್ನು ಎತ್ತಿದಳು. ಲೊಡಲೊಡ! ಎಷ್ಟು ದಿನವಾಗಿತ್ತು ಈ ಸದ್ದು ಕೇಳಿ! ಎದೆ ತುಂಬಿ ಬಂತು.

"ಒಡೀರಿ!"

ಏಕನಾಥಮ್ಮ ಸೀರೆ ಸೆರಗು ಸರಿಸಿಕೊಂಡೇ ಒಡೆದಳು. ಒಂದು ಹನಿ ನೀರಿಲ್ಲ, ಇಡೀ ಉಂಡೆ ಕೊಬ್ಬರಿ! ಅದರಲ್ಲೇ ಒಂದು ಚೂರು ಮುರಿದು ಬೆಲ್ಲದ ಜೊತೆ ಓಬಮ್ಮನ ಬಾಯಿಗಿಟ್ಟಳು. "ತಪ್ಪಾಯ್ತು ಕಣವ್ವ. ಇನ್ನು ಮ್ಯಾಲೆ ನೀನೇ ಬರಬೇಕು."

ಬಂಧುಗಳೇ, ಆಡಿದ ಮಾತನ್ನು "ಏನು, ಏನು" ಎಂದು ಮತ್ತೆ ಕೇಳುವಂತಾಗಿದೆಯೇ? ನಾಚಬೇಡಿ, ಅಂದಾಜಿನ ಮೇಲೆ ತಲೆಯಾಡಿಸಬೇಡಿ. ಕಿವಿಗೆ ಎಣ್ಣೆ ಬಿಡದೆ ಪರೀಕ್ಷೆ ಮಾಡಿಸಿ. ವಿಟಮಿನ್ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ಹಿತ್ತಲ ಸೊಪ್ಪು, ಹಣ್ಣು ಮೊದಲು ನಿಮ್ಮ ತಟ್ಟೆಗೆ ಬರಲಿ. ಆಡಿಗೆ ಉಳಿದ ದಂಟು ಸಾಕು.